ಅವ್ವನ ಕೊಡದ ಮೇಲೆ ಅಣ್ಣನ ಹೆಸರು

‘ಓವರ್‌ರೈಟ್’ ಎಂಬ ಇಂಗ್ಲಿಷ್ ಕ್ರಿಯಾಪದದ ಅರ್ಥ ನಮ್ಮ ಗದಗಿನಲ್ಲಿ ಎಲ್ಲರಿಗೂ ಗೊತ್ತು. ಅರ್ಜಿಯಲ್ಲಿ ಅಂಕಿಯ ಮೇಲೆ ಅಂಕಿ ತಿದ್ದಿದರೆ ಗುಮಾಸ್ತರು, ‘ಓವರ್‌ರೈಟಿಂಗ್ ಆಗೇತ್ರಿ, ನಡ್ಯಂಗಿಲ್ಲ’ ಎಂದು ವಾಪಸ್ ಎಸೆಯುತ್ತಾರೆ. ಹುಲಕೋಟಿ ಕಡೆಯ ಶಾಲೆಯಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತನಾದವನು ನಾನು. ‘ಓವರ್’ ಅಂದರೆ ಮೇಲೆ. ‘ರೈಟ್’ ಎಂಬುದರ ಹಳೆಯ ಅರ್ಥ ಗೀರುವುದು, ಕೆತ್ತುವುದು. ಕೆಳಗಿನದನ್ನು ಪೂರಾ ಅಳಿಸುವ ಪದ್ಧತಿ ಕಂಪ್ಯೂಟರ್ ಬಂದ ಮೇಲಿನದು ಎಂದು ವಿವರಿಸಿದರೆ ಮಕ್ಕಳು ಆಕಳಿಸುತ್ತಿದ್ದರು. ಈ ಪಾಠವನ್ನು ನನ್ನ ಅಣ್ಣ ಮನೆಯಲ್ಲೇ ಮಾಡಿ ತೋರಿಸಿದ.

ನಮ್ಮ ಕಡೆ ಲಗ್ನಕ್ಕೆ ಕೊಡುವ ಪಾತ್ರೆಯ ಮೇಲೆ ಕೊಟ್ಟವರ ಹೆಸರು ಕೊರೆಸಲೇಬೇಕು. ಕೊಟ್ಟದ್ದು ಚಮಚೆಯಾದರೂ ಹೆಸರು ಇನಿಷಿಯಲ್ ಸಮೇತ. ಮಗಳನ್ನು ಲಕ್ಷ್ಮೇಶ್ವರಕ್ಕೆ ಕೊಡುವಾಗ ಅಣ್ಣ ಅಟ್ಟದಿಂದ ಅವ್ವನ ತಾಮ್ರದ ಕೊಡ ಇಳಿಸಿದ. ಅದರ ಮೇಲೆ ತವರಿನವರು ಉಳಿ ಬಡಿಸಿ ಕೆತ್ತಿಸಿದ ಅವ್ವನ ಹೆಸರಿತ್ತು. ತೀರಿಹೋದ ಅವ್ವನ ಹೆಸರು ನಮ್ಮ ಮನೆಯಲ್ಲಿ ಬೇರೆಲ್ಲೂ ಇರಲಿಲ್ಲ. ಬಾಗಿಲ ಮೇಲೆ ಅಪ್ಪನದು, ಗೇಟಿನ ಮೇಲೆ ಅಣ್ಣನದು.

‘ಅವ್ವನ ಹೆಸರು ಹಂಗ ಇರ್ಲಿ’ ಎಂದೆ.

‘ಕೊಡೂದು ನಾ, ಹೆಸರು ಆಕೀದಾ? ಹಳೇದು ಕೊಟ್ಟಾರ ಅಂತಾರ ಬೀಗರು.’

‘ಹಳೇದ ಅಲ್ಲೇನು?’ ಎಂದದ್ದಕ್ಕೆ ಅವನು ನನ್ನನ್ನು ದುರುಗುಟ್ಟಿ ನೋಡಿದ.

ಬೆಟಗೇರಿಯಲ್ಲಿ ಹೆಸರು ಕೊರೆಯುವವನು, ‘ಅಕ್ಷರ ಭಾಳ ಆಳ ಅದಾವ್ರಿ. ಅಳಿಸಾಕ ಹೋದ್ರ ಕೊಡ ತೂತ ಬೀಳತೈತಿ’ ಎಂದ. ‘ಹಂಗಾರ ಮ್ಯಾಲ ಬರಿ’ ಎಂದ ಅಣ್ಣ. ಮಶಿನ್ನು ಜುಯ್ಯೆಂದು ಓಡಾಡಿ ಅವ್ವನ ಹೆಸರಿನ ಮೇಲೆ ಅಣ್ಣನ ಹೆಸರನ್ನು ಕೂರಿಸಿತು. ಅವ್ವ ಬದುಕಿದ್ದಾಗಲೂ ಅವನು ಅವಳ ತಲೆಯ ಮೇಲೇ ಕೂತವನು.

ಲಗ್ನದಲ್ಲಿ ಬೀಗರ ಕಡೆಯ ಹಿರಿಯರೊಬ್ಬರು ಕೊಡವನ್ನು ತಿರುಗಿಸಿ ತಿರುಗಿಸಿ ನೋಡಿ, ‘ಇದು ಯಾವ ಭಾಷಾರೀ?’ ಎಂದರು.

‘ಡಿಸೈನ್ ಐತ್ರಿ’ ಎಂದ ಅಣ್ಣ.

ಆಗಿನಿಂದ ಕೆಲವು ವರ್ಷಗಳಾಗಿವೆ. ಮೊನ್ನೆ ಅಣ್ಣನೂ ನಾನೂ ಲಕ್ಷ್ಮೇಶ್ವರಕ್ಕೆ ಹೋದಾಗ ಅವನ ಮಗಳು ಹಿತ್ತಲಲ್ಲಿ ಅದೇ ಕೊಡಕ್ಕೆ ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದಳು. ದಿನವೂ ತಿಕ್ಕಿಸಿಕೊಂಡು ಮಶಿನ್ನಿನ ತೆಳು ಗೀರೆಲ್ಲ ಸವೆದುಹೋಗಿತ್ತು. ಅಣ್ಣ ಕನ್ನಡಕ ಏರಿಸಿ ಬಗ್ಗಿ ಹುಡುಕಿದ.

‘ನಿನ್ನ ಹೆಸರು ಹೋತಪ್ಪಾ’ ಎಂದಳು ಅವಳು, ನೀರು ಸುರಿಯುತ್ತಾ. ‘ಅಜ್ಜೀದು ನೋಡು, ತಿಕ್ಕಿದಷ್ಟೂ ಹೊಳೀತೈತಿ.’