ನಾಲ್ಕನೆಯ ಪ್ರಶ್ನೆಯ ಸೊನ್ನೆ

ಐಗಳಿಯ ಲಗಮಣ್ಣ ಬಿ.ಎ. ಕೊನೆಯ ವರ್ಷಕ್ಕೆ ಬಂದಾಗ ಅವನಿಗೆ ಇಪ್ಪತ್ತೈದು ತುಂಬಿತ್ತು. ತರಗತಿಯ ಉಳಿದವರಿಗಿಂತ ನಾಲ್ಕು ವರ್ಷ ದೊಡ್ಡವನು. ನಪಾಸಾಗಿ ಹಿಂದೆ ಬಿದ್ದವನಲ್ಲ. ಒಂದು ವರ್ಷ ಓದಿ, ಒಂದು ವರ್ಷ ಬಿಟ್ಟು, ಮತ್ತೆ ಓದಿದವನು. ಮನೆಯಲ್ಲಿ ಎರಡು ಎಕರೆ ಹೊಲ, ಐವತ್ತು ಕುರಿ. ಕುರಿಯ ಹಿಂದೆ ಅಣ್ಣ ಕಾಮಣ್ಣ ಹೋಗುತ್ತಿದ್ದ. ಲಗಮಣ್ಣ ಕತ್ತರಿ ಹಿಡಿದು ಕಂಡವರ ಪಡಕ್ಕೆ, ಅಂದರೆ ದ್ರಾಕ್ಷಿ ತೋಟಕ್ಕೆ, ಕೂಲಿಗೆ ಹೋಗುತ್ತಿದ್ದ. ಮಳೆಗಾಲ ಮುಗಿದ ಮೇಲೆ ಅಥಣಿಯ ಕಾಲೇಜಿನಲ್ಲಿ ಅವನ ಹಾಜರಿ ತೆಳ್ಳಗಾಗುತ್ತಿದ್ದುದಕ್ಕೆ ಇದೇ ಕಾರಣ.

ದ್ರಾಕ್ಷಿ ಬಳ್ಳಿಯನ್ನು ಕತ್ತರಿಸುವ ಕೆಲಸಕ್ಕೆ ಆ ಕಡೆ ಛಾಟ್ನಿ ಎನ್ನುತ್ತಾರೆ. ವರ್ಷಕ್ಕೆ ಎರಡು ಛಾಟ್ನಿ. ಹಣ್ಣು ಇಳಿಸಿದ ಮೇಲೆ ಏಪ್ರಿಲ್‌ನಲ್ಲಿ ಒಂದು: ಕಡ್ಡಿಗೆ ಒಂದೇ ಕಣ್ಣು, ಅಂದರೆ ಚಿಗುರುವ ಗಂಟು, ಉಳಿಸಿ ಹಿಂದಕ್ಕೆ ಹೊಡೆಯುವುದು. ಅದನ್ನು ಯಾರಾದರೂ ಮಾಡಿಯಾರು. ಅಕ್ಟೋಬರ್‌ನದು ಹಾಗಲ್ಲ. ಹೊಸ ಕಡ್ಡಿಯ ಏಳೆಂಟು ಕಣ್ಣುಗಳಲ್ಲಿ ಗೊನೆ ಯಾವುದರಲ್ಲಿ ಅಡಗಿದೆ ಎಂದು ಬೆರಳಿನಿಂದ ತಿಳಿದು, ಅದರ ಮುಂದೆ ಕತ್ತರಿಸಬೇಕು. ಒಂದು ಕಣ್ಣು ಹಿಂದೆ ಕತ್ತರಿಸಿದರೆ ವರ್ಷವಿಡೀ ಎಲೆಯನ್ನು ನೋಡುತ್ತ ಕೂರಬೇಕು. ಲಗಮಣ್ಣನ ಬೆರಳು ತಪ್ಪಿದ್ದನ್ನು ಯಾರೂ ನೋಡಿರಲಿಲ್ಲ. ಐಗಳಿಯ ದೊಡ್ಡ ಪಡದವರು ಅವನು ಬರುವ ದಿನ ಗೊತ್ತುಮಾಡಿಕೊಂಡೇ ಉಳಿದ ಆಳುಗಳಿಗೆ ಹೇಳಿ ಕಳಿಸುತ್ತಿದ್ದರು.

೧೯೯೧ರ ಅಕ್ಟೋಬರ್‌ನಲ್ಲಿ ಲಗಮಣ್ಣ ರಾವಸಾಹೇಬರ ಎಂಟು ಎಕರೆ ಪಡದಲ್ಲಿದ್ದ. ರಾವಸಾಹೇಬರ ಮಗ ಬಾಬಾಸಾಹೇಬ ಅವನದೇ ತರಗತಿಯವನು. ಅದೇ ವಾರ ಕಾಲೇಜಿನಲ್ಲಿ ವಿರುಪಾಕ್ಷಪ್ಪ ಸರ್ ಕೃಷಿ ಅರ್ಥಶಾಸ್ತ್ರದ ನೋಟ್ಸು ಹೇಳಿ ಬರೆಸಿದರು. ಸರ್ ಪಾಠ ಮಾಡುತ್ತಿರಲಿಲ್ಲ, ನೋಟ್ಸು ಹೇಳುತ್ತಿದ್ದರು. ತಾವು ಧಾರವಾಡದಲ್ಲಿ ಓದುವಾಗ ಬರೆದುಕೊಂಡ ವಹಿ ಅದು. ಹಾಳೆ ಹಳದಿಯಾಗಿ, ಅಂಚು ಮುರಿಯುತ್ತಿತ್ತು. ಸರ್ ಅದನ್ನು ಹೂವಿನ ಹಾಗೆ ಎತ್ತಿ ಮಗುಚುತ್ತಿದ್ದರು. ಅಲ್ಪವಿರಾಮವನ್ನೂ ಬಿಡದೆ ಹೇಳುತ್ತಿದ್ದರು. 'ದ್ರಾಕ್ಷಿ ಬಳ್ಳಿಯನ್ನು ವರ್ಷಕ್ಕೊಮ್ಮೆ, ಜನವರಿ ತಿಂಗಳಿನಲ್ಲಿ, ಕತ್ತರಿಸಲಾಗುತ್ತದೆ. ಆದ್ದರಿಂದ ಕೂಲಿಯ ಬೇಡಿಕೆ ಆ ತಿಂಗಳಿನಲ್ಲಿ ಅಧಿಕ.' ಬಾಬಾಸಾಹೇಬ ದುಂಡಗೆ ಬರೆದುಕೊಂಡ. ಅತ್ತ ಐಗಳಿಯಲ್ಲಿ ಅವನ ಅಪ್ಪನ ಪಡದಲ್ಲಿ ಮೂವತ್ತು ಕತ್ತರಿಗಳು ಆಡುತ್ತಿದ್ದವು.

ಜನವರಿಯಲ್ಲಿ ಕಾಲೇಜಿನ ಪೂರ್ವಪರೀಕ್ಷೆ. ನೂರಕ್ಕೆ ಮೂವತ್ತೈದು ಬರದವರ ಯುನಿವರ್ಸಿಟಿ ಪರೀಕ್ಷೆಯ ಫಾರ್ಮಿಗೆ ಆ ವಿಷಯದ ಸರ್ ಸಹಿ ಮಾಡುವುದಿಲ್ಲ. ಅದು ಆ ಕಾಲೇಜಿನ ಕಟ್ಟಳೆ. ಸಹಿ ಇಲ್ಲದಿದ್ದರೆ ವರ್ಷ ಹೋಯಿತು. ಇನ್ನೊಂದು ವರ್ಷ ಲಗಮಣ್ಣನ ಹತ್ತಿರ ಇರಲಿಲ್ಲ. ಕಾಮಣ್ಣ ಮೊದಲೇ ಹೇಳಿಬಿಟ್ಟಿದ್ದ.

"ಈ ಸಲ ಆತು ಅಂದ್ರ ಆತು. ಇಲ್ಲಂದ್ರ ಕುರಿ ಅರ್ಧ ನೀ ಕಾಯಿ. ನನಗೂ ಮೊಣಕಾಲ ಅದಾವು."

ನಾಲ್ಕನೆಯ ಪ್ರಶ್ನೆ ಹತ್ತು ಅಂಕದ್ದು: ದ್ರಾಕ್ಷಿ ಬೆಳೆಯಲ್ಲಿ ವರ್ಷವಿಡೀ ಕೂಲಿಯ ಅಗತ್ಯವನ್ನು ವಿವರಿಸಿ. ಲಗಮಣ್ಣ ಪ್ರಶ್ನೆಯನ್ನು ನೋಡಿ ನಕ್ಕ. ಪರೀಕ್ಷೆಯ ಕೋಣೆಯಲ್ಲಿ ಅವನು ನಕ್ಕದ್ದು ಅದೇ ಮೊದಲು. ನಾಲ್ಕು ಪುಟ ಬರೆದ. ಏಪ್ರಿಲ್‌ಗೆ ಎಕರೆಗೆ ಎಷ್ಟು ಆಳು, ಅಕ್ಟೋಬರ್‌ಗೆ ಎಷ್ಟು, ಕತ್ತರಿಸುವವರ ಹಿಂದೆ ಕಡ್ಡಿಗೆ ಔಷಧ ಹಚ್ಚುವ ಹೆಂಗಸರು ಎಷ್ಟು, ಎಲ್ಲವನ್ನೂ.

ಪೇಪರು ಕೈಗೆ ಬಂತು. ಒಟ್ಟು ಮೂವತ್ಮೂರು. ನಾಲ್ಕನೆಯ ಪ್ರಶ್ನೆಯ ಪಕ್ಕದಲ್ಲಿ ಕೆಂಪು ಮಸಿಯ ಸೊನ್ನೆ, ಬಳೆಯಷ್ಟು ದೊಡ್ಡದು. ಕೆಳಗೆ 'ವಿಷಯಾಂತರ'.

ಬಾಬಾಸಾಹೇಬನಿಗೆ ಅದೇ ಪ್ರಶ್ನೆಗೆ ಒಂಬತ್ತು.

ತರಗತಿಯಲ್ಲಿ ನಲವತ್ತೆರಡು ಜನ. ಮೂವತ್ತು ಮಂದಿಯ ಮನೆಯಲ್ಲಿ ದ್ರಾಕ್ಷಿ ಇತ್ತು. ಅಷ್ಟೂ ಜನ ಜನವರಿ ಎಂದು ಬರೆದು ಒಂಬತ್ತೋ ಎಂಟೋ ತೆಗೆದುಕೊಂಡಿದ್ದರು. ಪೇಪರು ಬರೆದ ದಿನ ಊರ ಪಡಗಳಲ್ಲಿ ಗೊನೆಯ ಕಾಯಿಗಳು ಗೋಲಿಯಷ್ಟಾಗಿ ಜೋತಾಡುತ್ತಿದ್ದವು. ಅದನ್ನೂ ದಿನಾ ನೋಡುತ್ತಿದ್ದರು. ನೋಡುವುದು ಬೇರೆ, ಬರೆಯುವುದು ಬೇರೆ ಎಂಬುದು ಅವರಿಗೆ ಪಿಯುಸಿಯಲ್ಲೇ ಗೊತ್ತಾಗಿತ್ತು.

ಆದರೂ ಅನ್ಯಾಯ ಅನ್ಯಾಯವೇ. ಸಂಜೆ ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಹತ್ತು ಜನ ಸೇರಿದರು. ಸರ್ ಪಾಠ ಮಾಡುವುದಿಲ್ಲ. ಪ್ರಶ್ನೆ ಕೇಳಿದರೆ ಎಬ್ಬಿಸಿ ನಿಲ್ಲಿಸುತ್ತಾರೆ. ವಹಿಯ ಹೊರಗಿನ ಒಂದು ಅಕ್ಷರಕ್ಕೂ ಅಂಕ ಇಲ್ಲ. ಎಲ್ಲ ದೂರುಗಳೂ ಹೊರಬಂದವು. ಬಾಬಾಸಾಹೇಬ ಟೇಬಲ್ಲು ಗುದ್ದಿದ.

"ಪ್ರಿನ್ಸಿಪಾಲ್ರ ಕಡೆ ಮೋರ್ಚಾ ಒಯ್ಯೂಣು. ಲಗಮ್ಯಾ, ನೀ ಮುಂದ ನಿಲ್ಲು. ಹಿಂದ ನಾವ್ ಅದೀವಿ."

"ಎಷ್ಟ ಹಿಂದ?" ಎಂದು ಲಗಮಣ್ಣ ಕೇಳಿದ.

ಮೋರ್ಚಾಕ್ಕೆ ಮೊದಲು ಸರ್ ಜೊತೆ ಒಂದು ಮಾತು ಆಡಿ ನೋಡೋಣ ಎಂದು ಅವನಿಗೆ ತೋಚಿತು. ಫಾರ್ಮಿನ ಕೊನೆಯ ದಿನಕ್ಕೆ ಇನ್ನು ಮೂರು ದಿನವಿತ್ತು. ಯಾರೋ ಕಿತ್ತು ಬದುವಿಗೆ ಎಸೆದಿದ್ದ ಹಳೇ ಬಳ್ಳಿಯಿಂದ ಮೊಳದುದ್ದದ ತುಂಡು ಕಡಿದು, ಟವೆಲಿನಲ್ಲಿ ಸುತ್ತಿಕೊಂಡು, ಮರುದಿನ ಸ್ಟಾಫ್‌ರೂಮಿಗೆ ಹೋದ.

ಸರ್ ಒಬ್ಬರೇ ಇದ್ದರು. ಟೇಬಲ್ಲಿನ ಮೇಲೆ ಕಟ್ಟಿಗೆ ಬಂದದ್ದನ್ನು ನೋಡಿ ಕನ್ನಡಕ ತೆಗೆದರು.

"ಏನಿದು? ಯಾರನ್ನ ಬಡ್ಯಾವ ಅದಿ?"

"ಯಾರನ್ನೂ ಇಲ್ರಿ ಸರ. ಗಂಟು ಎಣಸ್ರಿ. ಇದು ಏಪ್ರಿಲ್‌ದ ಕತ್ತರಿ ಬಿದ್ದ ಗಾಯ. ಅದರ ಮ್ಯಾಲ ಇದು ಅಕ್ಟೋಬರ್‌ದು. ಮತ್ತ ಏಪ್ರಿಲ್, ಮತ್ತ ಅಕ್ಟೋಬರ್. ಐದ ವರ್ಷದ್ದು ಹತ್ತು ಗಾಯ ಅದಾವು. ಜನವರಿದು ಒಂದೂ ಇಲ್ರಿ."

ಸರ್ ಎಣಿಸಿದರು. ಅದನ್ನು ಒಪ್ಪಿಕೊಳ್ಳಬೇಕು, ಎಣಿಸದೆ ಹೊರಗೆ ಕಳಿಸುವ ಸರ್‌ಗಳೂ ಇದ್ದರು. ಎರಡು ಸಲ ಎಣಿಸಿ ತುಂಡನ್ನು ಕೆಳಗಿಟ್ಟರು.

"ನಾ ವಹಿ ಬರಕೊಂಡ ಪುಸ್ತಕದಾಗ ಜನವರಿ ಅಂತನ ಐತಲ್ಲಾ."

"ಆ ಪುಸ್ತಕ ಎಲ್ಲಿದ್ರಿ?"

ಸರ್ ಕನ್ನಡಕವನ್ನು ಮತ್ತೆ ಹಾಕಿಕೊಂಡರು. "ದಿಲ್ಲಿದು," ಎಂದರು.

"ದಿಲ್ಲಿಯಾಗ ಥಂಡಿ ಭಾಳ್ರಿ. ಅಲ್ಲಿ ಬಳ್ಳಿ ಆಗ ಮಲಗಿರ್ತಾವಂತ. ಇಲ್ಲಿ ಜನವರಿದಾಗ ಕತ್ತರಿ ಹಚ್ಚಿದ್ರ ಗೊನಿ ಸುದ್ದಾ ಕೆಳಗ ಬೀಳ್ತಾವು. ರಾವಸಾಹೇಬ್ರು ಅದ ಕತ್ತರಿ ತಗೊಂಡ ನಮ್ಮನ್ನ ಬೆನ್ನ ಹತ್ತತಾರು."

ಸರ್‌ಗೆ ನಗು ಬಂತು. ಅದನ್ನು ಕೆಮ್ಮು ಮಾಡಿಕೊಂಡರು. ಆಮೇಲೆ ಬಾಗಿಲ ಕಡೆ ನೋಡಿ ದನಿ ಇಳಿಸಿದರು.

"ನೋಡಪಾ, ನಿಂದು ಸರಿ ಅಂತ ಹತ್ತು ಕೊಡ್ತೀನಿ ಅಂತ ಇಟ್ಕೊ. ಹಂಗಾದ್ರ ಉಳದ ನಲವತ್ತೊಂದು ಮಂದೀದು ತಪ್ಪು ಆತು. ಅವರದು ಕಡಿಬೇಕು. ಕಡದ್ರ ಹನ್ನೊಂದು ಮಂದಿ ಮೂವತ್ತೈದರ ಕೆಳಗ ಬರ್ತಾರು. ಫಾರ್ಮ್ ಒಂದಲ್ಲ, ಹನ್ನೊಂದು ನಿಂದರತಾವು. ನೀನ ಹೇಳು, ಏನ ಮಾಡ್ಲಿ?"

ಲಗಮಣ್ಣ ತುಂಡನ್ನು ಟವೆಲಿನಲ್ಲಿ ಸುತ್ತಿಕೊಂಡು ಹೊರಬಂದ.

ಸ್ಟಾಫ್‌ರೂಮಿನ ಮಾತು ಬಸ್‌ಸ್ಟ್ಯಾಂಡಿಗೆ ಲಗಮಣ್ಣನಿಗಿಂತ ಮೊದಲೇ ತಲುಪಿತ್ತು. ಚಹಾದಂಗಡಿಯಲ್ಲಿ ನಿನ್ನೆಯ ಹತ್ತು ಜನರಲ್ಲಿ ನಾಲ್ವರಿದ್ದರು. ಬಾಬಾಸಾಹೇಬ ಈ ಸಲ ಟೇಬಲ್ಲು ಗುದ್ದಲಿಲ್ಲ. ಚಹಾ ಹೇಳಿದ, ಜೊತೆಗೆ ಖಾರಿ ಬಿಸ್ಕತ್ತನ್ನೂ ಹೇಳಿದ.

"ಲಗಮಣ್ಣಾ," ಎಂದ. ಒಂದೇ ರಾತ್ರಿಯಲ್ಲಿ ಲಗಮ್ಯಾ ಲಗಮಣ್ಣನಾಗಿದ್ದ. "ನಂದು ಒಟ್ಟ ನಲವತ್ತೆರಡು ಐತಿ. ಒಂಬತ್ತ ಕಡದ್ರ ಎಷ್ಟ ಉಳಿತೈತಿ, ನೀನ ಲೆಕ್ಕಾ ಹಾಕು."

"ಮೂವತ್ಮೂರು. ನನ್ನಷ್ಟ."

"ಚಾಷ್ಟಿ ಮಾಡಬ್ಯಾಡೋ ಮಾರಾಯಾ. ಅಪ್ಪಾಗ ಏನ ಹೇಳ್ಲಿ?"

"ಖರೇ ಹೇಳು. ನಮ್ಮ ಪಡದಾಗ ಛಾಟ್ನಿ ಯಾವಾಗ ಮಾಡ್ತಾರು ಅಂತ ನನಗ ಗೊತ್ತಿಲ್ಲ ಅಂತ ಹೇಳು."

"ನನಗ ಗೊತ್ತಿಲ್ಲೇನು? ಗೊತ್ತೈತಿ! ಗೊತ್ತಿದ್ದ ಜನವರಿ ಅಂತ ಬರದೇನಿ. ಮಾರ್ಕ್ಸ್ ಕೊಡಾಂವ ಸರ, ಅಪ್ಪಾ ಅಲ್ಲಲ್ಲ!"

ಉಳಿದ ಮೂವರು ತಲೆ ಆಡಿಸಿದರು. ಅವರ ಮಟ್ಟಿಗೆ ಮಾತು ಅಲ್ಲಿಗೆ ಮುಗಿದಿತ್ತು. ಲಗಮಣ್ಣ ಖಾರಿಯನ್ನು ಚಹಾದಲ್ಲಿ ಅದ್ದಿ ತಿಂದ. ಚೆನ್ನಾಗಿತ್ತು. ಮೋರ್ಚಾದ ಸುದ್ದಿಯನ್ನು ಯಾರೂ ಎತ್ತಲಿಲ್ಲ, ಅವನೂ ಎತ್ತಲಿಲ್ಲ.

ಫಾರ್ಮಿನ ಕೊನೆಯ ದಿನ ಸರ್ ಅವರೇ ಹೇಳಿ ಕಳಿಸಿದರು. ಟೇಬಲ್ಲಿನ ಮೇಲೆ ಅವನ ಪೇಪರು ಬಿಚ್ಚಿಟ್ಟಿತ್ತು.

"ಎರಡನೇ ಪ್ರಶ್ನೆದಾಗ ಸಹಕಾರ ಸಂಘದ್ದು ಚಲೋ ಬರದೀ. ನಾ ಗಡಿಬಿಡಿಯಾಗ ನೋಡಿದ್ದೆ. ಅಲ್ಲಿ ಎರಡು ಏರಸ್ತೀನಿ. ಮೂವತ್ತೈದು ಆತು. ಫಾರ್ಮ್ ತಾ, ಸಹಿ ಮಾಡ್ತೀನಿ."

ಪೆನ್ನು ತೆರೆದಿತ್ತು. ಲಗಮಣ್ಣ ಫಾರ್ಮನ್ನು ಕಿಸೆಯಿಂದ ತೆಗೆದ, ಕೊಡಲಿಲ್ಲ.

"ನಾಕನೇ ಪ್ರಶ್ನೆದ ಸೊನ್ನಿ ಹಂಗ ಇರತೈತೇನ್ರಿ ಸರ?"

"ಇದ್ರ ಏನಾತು? ನೀ ಪಾಸ ಆದಿ."

"ಪಾಸ ಆದೆ, ಖರೇ ಐತ್ರಿ. ಆದ್ರ ಆ ಸೊನ್ನಿ ನನಗ ಛಾಟ್ನಿ ಬರೂದಿಲ್ಲ ಅಂತ ಹೇಳತೈತ್ರಿ."

"ನಿನ್ನ ಪೇಪರು ಯಾರ ನೋಡ್ತಾರೋ? ಕಪಾಟಿನಾಗ ಹೋಗಿ ಬೀಳತೈತಿ."

"ನಾ ನೋಡೇನಲ್ರಿ."

ಸರ್ ಪೆನ್ನನ್ನು ಮುಚ್ಚಿದರು. ಗೋಡೆಯ ಗಡಿಯಾರದಲ್ಲಿ ಮೂರೂವರೆ. ಆಫೀಸಿನ ಕಿಟಕಿ ನಾಲ್ಕಕ್ಕೆ ಮುಚ್ಚುತ್ತದೆ. ಇಬ್ಬರಿಗೂ ಅದು ಗೊತ್ತಿತ್ತು. ಲಗಮಣ್ಣ ಪೇಪರನ್ನು ನಾಲ್ಕನೆಯ ಪ್ರಶ್ನೆಗೆ ಮಗುಚಿದ.

"ಹತ್ತು ಕೇಳೂದಿಲ್ರಿ," ಎಂದ ಅವನು. "ಒಂದೂ ಕೇಳೂದಿಲ್ಲ. ಆ ನಾಕ ಪುಟ ನಾನ ಹೊಡದ ಹಾಕ್ತೀನಿ. ನಾಕನೇ ಪ್ರಶ್ನೆ ನಾ ಬರದ ಇಲ್ಲ ಅಂತ ಮಾಡ್ರಿ. ಬರೀದಿದ್ರ ಸೊನ್ನಿ ಹಾಕೂದಿಲ್ಲಲ್ಲ, ಬರೇ ಅಡ್ಡಗೆರಿ ಎಳೀತೀರಿ."

ಸರ್ ಅವನನ್ನೇ ನೋಡಿದರು. ಹದಿನೆಂಟು ವರ್ಷದ ನೌಕರಿಯಲ್ಲಿ ಅಂಕ ಹೆಚ್ಚಿಸಿ ಎಂದು ಅತ್ತವರನ್ನು ನೋಡಿದ್ದರು, ತಂದೆಯನ್ನು ಕರೆತಂದವರನ್ನು ನೋಡಿದ್ದರು. ಬರೆದ ಉತ್ತರವನ್ನು ವಾಪಸು ಕೇಳಿದವನನ್ನು ನೋಡಿರಲಿಲ್ಲ.

"ಹೊಡಿ," ಎಂದು ತಮ್ಮ ಪೆನ್ನನ್ನೇ ಕೊಟ್ಟರು.

ಲಗಮಣ್ಣ ನಿಂತೇ ಹೊಡೆದ. ಪುಟಕ್ಕೆ ಒಂದೇ ಗೆರೆ, ಓರೆಯಾಗಿ, ಮೇಲಿನಿಂದ ಕೆಳಗೆ, ಬಳ್ಳಿಗೆ ಕತ್ತರಿ ಹಾಕುವ ಹಾಗೆ. ನಾಲ್ಕನೆಯ ಪುಟದಲ್ಲಿ ಔಷಧ ಹಚ್ಚುವ ಹೆಂಗಸರ ಸಂಗತಿ ಬರೆದಿದ್ದ; ಅಲ್ಲಿ ಒಂದು ಕ್ಷಣ ನಿಂತು, ಅದನ್ನೂ ಹೊಡೆದ. ಸರ್ ಸೊನ್ನೆಯನ್ನು ಕೆಂಪು ಮಸಿಯಲ್ಲಿ ತುಂಬಿ ಅಳಿಸಿ, ಪಕ್ಕದಲ್ಲಿ ಅಡ್ಡಗೆರೆ ಎಳೆದು, ಸಣ್ಣ ಸಹಿ ಹಾಕಿದರು. ಆಮೇಲೆ ಫಾರ್ಮಿಗೆ ದೊಡ್ಡ ಸಹಿ.

ಆಫೀಸಿನ ಕಿಟಕಿಯ ಮುಂದೆ ಏಳು ಜನರ ಸಾಲಿತ್ತು. ಬಾಬಾಸಾಹೇಬ ಮೂರನೆಯವನು. ಲಗಮಣ್ಣನ ಮುಖ ನೋಡಿ ಏನಾಯಿತೆಂದು ಕೇಳದೆ, ಪಕ್ಕಕ್ಕೆ ಸರಿದು ತನ್ನ ಮುಂದೆ ಜಾಗ ಮಾಡಿಕೊಟ್ಟ. ಲಗಮಣ್ಣ ಆ ಜಾಗಕ್ಕೆ ಹೋಗಲಿಲ್ಲ. ಸಾಲಿನ ಕೊನೆಗೆ ಹೋಗಿ ನಿಂತು, ನಾಲ್ಕಕ್ಕೆ ಎರಡು ನಿಮಿಷವಿದ್ದಾಗ ಫಾರ್ಮನ್ನು ಕಿಟಕಿಯೊಳಗೆ ತಳ್ಳಿದ.