ಚಾಚಾ ಆರಿಸಿಕೊಟ್ಟ ಪಿಸ್ತೂಲು

ಚಾಚಾನ ಬಲಗೆನ್ನೆಯ ಮೇಲೆ, ಕಣ್ಣಿನ ಕೆಳಗಿನಿಂದ ಕಿವಿಯ ತನಕ, ಸಾಸಿವೆ ಚೆಲ್ಲಿದ ಹಾಗೆ ನೀಲಿ ಚುಕ್ಕೆಗಳಿದ್ದವು. ಹಚ್ಚೆಯಲ್ಲ. ಇಪ್ಪತ್ತರ ವಯಸ್ಸಿನಲ್ಲಿ ಯಾರದೋ ಹಳೆಯ ಬಂದೂಕನ್ನು ರಿಪೇರಿ ಮಾಡಿ, ಪರೀಕ್ಷೆಗೆಂದು ಒಂದು ಸಲ ಹೊಡೆದು ನೋಡಿದಾಗ ಅದು ಹಿಂದಕ್ಕೆ ಸಿಡಿದಿತ್ತು. ಸುಟ್ಟ ಮದ್ದು ಚರ್ಮದೊಳಗೆ ಹೊಕ್ಕು ಅಲ್ಲೇ ಉಳಿದುಬಿಟ್ಟಿತ್ತು. ಓಣಿಯ ಮಕ್ಕಳೆಲ್ಲ ಆ ಚುಕ್ಕೆಗಳನ್ನು ಎಣಿಸಲು ಹೋಗುತ್ತಿದ್ದೆವು. ಹದಿನೇಳೋ ಹದಿನೆಂಟೋ ಆಗುವಷ್ಟರಲ್ಲಿ ಚಾಚಾ ಮುಖ ತಿರುಗಿಸಿ, "ಸಾಕು, ಉಳಿದದ್ದು ನಾಳೆ. ಸಾಲಿಗೆ ಹೋಗ್ರಿ" ಎನ್ನುತ್ತಿದ್ದರು.

ಬ್ಯಾಡಗಿಯ ಸ್ಟೇಷನ್ ರಸ್ತೆಯಲ್ಲಿ, ನಮ್ಮ ಮನೆಯಿಂದ ಮೂರು ಬಾಗಿಲು ಆಚೆಗೆ ಅವರ ಬಂದೂಕು ರಿಪೇರಿ ಅಂಗಡಿ. ಹಂದಿ, ಜಿಂಕೆಗಳಿಂದ ಬೆಳೆ ಕಾಯಲು ಲೈಸೆನ್ಸ್ ಪಡೆದ ರೈತರು ತಮ್ಮ ಬಂದೂಕುಗಳನ್ನು ಅವರ ಬಳಿಗೇ ತರುತ್ತಿದ್ದರು. ಚುನಾವಣೆ ಬಂತೆಂದರೆ ಬಂದೂಕೆಲ್ಲ ಪೊಲೀಸ್ ಠಾಣೆಯಲ್ಲಿ ಜಮಾ ಆಗಿ ಅಂಗಡಿ ಖಾಲಿ ಹೊಡೆಯುತ್ತಿತ್ತು. ಮತ ಎಣಿಕೆ ಮುಗಿದ ಮೇಲೆ ಎಲ್ಲವೂ ತುಕ್ಕು ಹಿಡಿದು ಒಟ್ಟಿಗೆ ಬಂದು ಬೀಳುತ್ತಿದ್ದವು. "ಆರಿಸಿ ಬಂದವ್ರು ಊರಿಗೆ ಏನ್ ಮಾಡ್ತಾರೋ ಗೊತ್ತಿಲ್ಲ. ನನಗಂತೂ ಒಂದು ತಿಂಗಳ ಕೆಲಸ ಕೊಟ್ಟು ಹೋಗ್ತಾರ" ಎಂದು ಚಾಚಾ ಸೀಮೆಎಣ್ಣೆಯ ಬಟ್ಟೆ ಹಿಡಿದು ಕೂರುತ್ತಿದ್ದರು.

ಬಂದೂಕಿನ ವಿಷಯದಲ್ಲಿ ಅವರದು ಅತಿ ಎನ್ನಿಸುವಷ್ಟು ಎಚ್ಚರ. ಖಾಲಿ ಇದೆ ಎಂದು ಮಾಲೀಕ ಆಣೆ ಮಾಡಿದರೂ ಬಿಚ್ಚಿ ನೋಡದೆ ಮುಟ್ಟುತ್ತಿರಲಿಲ್ಲ. ಮಾತಿನ ಭರದಲ್ಲಿ ಯಾರಾದರೂ ಛತ್ರಿಯನ್ನು ಎದುರಿನವರ ಕಡೆ ಚಾಚಿದರೂ ಬೈಯುತ್ತಿದ್ದರು. "ನಮ್ಮ ಮನ್ಯಾಗ ಲಟ್ಟಣಿಗಿನೂ ಗ್ವಾಡಿ ಕಡೆ ಮಾರಿ ಮಾಡಿ ಇಡಬೇಕವ್ವ, ಇಲ್ಲಾಂದ್ರ ಇವರು ರೊಟ್ಟಿ ತಿನ್ನಂಗಿಲ್ಲ" ಎಂದು ಚಾಚಿ ನಗಿಸುತ್ತಿದ್ದಳು. ಚಾಚಿ ನನ್ನನ್ನು ಮಗಳ ಹಾಗೆ ನೋಡಿಕೊಂಡವಳು. ಆ ಮನೆಯ ಅಡುಗೆಮನೆಯ ತನಕ ನನಗೆ ಸಲಿಗೆಯಿತ್ತು.

ನನಗೆ ಶೂಟಿಂಗ್ ಹುಚ್ಚು ಹಿಡಿದದ್ದು ಕಾಲೇಜಿನ ಎನ್‌ಸಿಸಿ ಶಿಬಿರದಲ್ಲಿ. ಹಾವೇರಿಯಲ್ಲಿ ನಿವೃತ್ತ ಸೈನಿಕರೊಬ್ಬರು ಒಂದು ಉದ್ದನೆಯ ಶೆಡ್ಡಿನಲ್ಲಿ ಹತ್ತು ಮೀಟರ್ ಗುರಿಯ ಅಭ್ಯಾಸ ಮಾಡಿಸುತ್ತಿದ್ದರು. ಅಲ್ಲಿಗೆ ವಾರಕ್ಕೆ ಮೂರು ದಿನ ಹೋಗತೊಡಗಿದೆ. ಎಲ್ಲರಿಗೂ ಸೇರಿ ಪಿಸ್ತೂಲು ಅಲ್ಲಿ ಎರಡೇ ಇದ್ದವು. ಪಂದ್ಯಕ್ಕೆ ಹೋಗಬೇಕಾದರೆ ನನ್ನದೇ ಒಂದು ಬೇಕಿತ್ತು. ಅಪ್ಪ ಮೆಣಸಿನಕಾಯಿ ಯಾರ್ಡಿನಲ್ಲಿ ಹಮಾಲರ ಗುಂಪಿನ ಮುಂದಾಳು. ಚೀಲದ ತೂಕ ಗೊತ್ತಿದ್ದ ಮನುಷ್ಯನಿಗೆ ಈ ಆಟದ ತಲೆಬುಡ ಗೊತ್ತಿರಲಿಲ್ಲ. ಆದರೂ ಒಂದು ಮಾತು ಕೊಟ್ಟ. "ಒಂದು ವರ್ಷ ಬಿಡ್ತೇನಿ. ಬೆಂಗಳೂರಾಗ ರಾಜ್ಯದ ಪಂದ್ಯ ಗೆದ್ದು ಮುಂದಿನ ಹಂತಕ್ಕ ಹೋದ್ರ ಆಡು. ಇಲ್ಲಾಂದ್ರ ಬಾಯಿ ಮುಚ್ಚಿಕೊಂಡು ಡಿ.ಎಡ್. ಸೇರು. ಪಿಸ್ತೂಲು ಮಾತ್ರ ಸಸ್ತಾದಾಗ ನೋಡ್ಕೋ." ಆ ಒಂದು ವರ್ಷ ಬಿಟ್ಟರೆ ನನ್ನ ಕೈಯಲ್ಲಿ ಬೇರೇನೂ ಇರಲಿಲ್ಲ.

ಆರಿಸಿಕೊಡುವ ಕೆಲಸ ಚಾಚಾನ ಪಾಲಿಗೆ ಬಂತು. ಆಟಕ್ಕೆ ಬಳಸುವ ಗಾಳಿ ಪಿಸ್ತೂಲನ್ನು ಅವರು ಅಲ್ಲಿಯತನಕ ಬಿಚ್ಚಿ ನೋಡಿರಲಿಲ್ಲ. ಅದನ್ನು ಅವರು ಒಪ್ಪಿಕೊಳ್ಳಲಿಲ್ಲ, ನಾನೂ ಕೇಳಲಿಲ್ಲ. "ಕಬ್ಬಿಣ ಕಬ್ಬಿಣಾನ" ಎಂದು ಸ್ವಲ್ಪ ಜಂಬದಿಂದಲೇ ಹೇಳಿದರು.

ಮೊದಲು ನೋಡಿದ್ದು ಹಾವೇರಿಯ ಅಂಗಡಿಯೊಂದರಲ್ಲಿದ್ದ ಹೊಳೆಯುವ ಹೊಸದು. ಒಂದೊಂದು ಗುಂಡಿಗೂ ಅದರ ನಳಿಗೆಯನ್ನು ಮಡಚಿ, ಒಳಗಿನ ಸ್ಪ್ರಿಂಗ್ ಅದುಮಬೇಕು. ಚಾಚಾ ನನ್ನ ಕೈಗೆ ಕೊಟ್ಟು ಇಪ್ಪತ್ತು ಸಲ ಮಡಚಲು ಹೇಳಿದರು. ಹದಿನೈದಕ್ಕೆ ನನ್ನ ತೋಳು ನಡುಗಿತು. "ಪಂದ್ಯದಾಗ ಅರವತ್ತು ಸಲ ಮಡಚಬೇಕು. ಇದು ಕಾಗಿ ಓಡಿಸಾಕ ಚಲೋ" ಎಂದು ತಿರುಗಿ ಕೊಟ್ಟರು. ಎರಡನೆಯದು ಸಿನಿಮಾದಲ್ಲಿ ಪೊಲೀಸರು ಹಿಡಿಯುವಂಥ ಕಪ್ಪು ಬಣ್ಣದ್ದು, ಎಲ್ಲಕ್ಕಿಂತ ಅಗ್ಗ. ನನಗೆ ಅದೇ ಇಷ್ಟವಾಗಿತ್ತು. ಚಾಚಾ ಅದನ್ನು ಹಿಡಿದು ಒಂದೇ ಮಾತು ಹೇಳಿದರು, "ಫೋಟೋ ತಗಿಸ್ಕೊಳ್ಳಾಕ ಭೇಷ್ ಐತಿ." ಅಂಗಡಿಯವನಿಗೆ ಸಿಟ್ಟು ಬಂತು. ಹೊರಗೆ ಬಂದ ಮೇಲೆ ನನಗೆ ಹೇಳಿದರು, "ಕಣ್ಣಿಗೆ ಚಂದ ಅಂತ ಪಿಸ್ತೂಲು ತಗೋಬಾರ್ದು ಬೇಟಿ. ಕೈ ಒಪ್ಪಬೇಕು."

ಕೈ ಒಪ್ಪಿದ್ದು ಮೂರನೆಯದನ್ನು. ರಾಣೆಬೆನ್ನೂರಿನಲ್ಲಿ ಆಟ ಬಿಟ್ಟಿದ್ದ ಒಬ್ಬರು ತಮ್ಮ ಹಳೆಯ ಪಿಸ್ತೂಲನ್ನು ಮಾರಲಿಕ್ಕಿಟ್ಟಿದ್ದರು. ಮರದ ಹಿಡಿ, ನಳಿಗೆಯ ಕೆಳಗೆ ಗಾಳಿ ತುಂಬುವ ಸಣ್ಣ ಸಿಲಿಂಡರ್. ಅವರೇ ಅದನ್ನು ಚಾಚಾನ ಅಂಗಡಿಗೆ ತಂದರು. ಚಾಚಾ ನನಗೆ ಕಣ್ಣು ಮುಚ್ಚಿಸಿ, ಕೈ ಎತ್ತಿಸಿ, ಕಣ್ಣು ತೆರೆಯಲು ಹೇಳಿದರು. ಮುಂದಿನ ಗುರಿಕಡ್ಡಿ ಹಿಂದಿನ ಸಂದಿಯ ನಡುವೆ ತಾನಾಗಿ ಬಂದು ಕೂತಿತ್ತು. ಮೂರು ಸಲ ಮಾಡಿದರೂ ಅಷ್ಟೇ. ಆಮೇಲೆ ಪಕ್ಕದ ಕಿರಾಣಿ ಅಂಗಡಿಯಿಂದ ಅರ್ಧ ಕಿಲೋದ ತೂಕದ ಕಲ್ಲು ತರಿಸಿ, ದಾರದಿಂದ ಟ್ರಿಗರಿಗೆ ತೂಗು ಹಾಕಿ ಎತ್ತಿದರು. ಅಷ್ಟು ಭಾರವನ್ನು ಟ್ರಿಗರ್ ತಡೆಯಬೇಕೆಂಬುದು ಪಂದ್ಯದ ನಿಯಮ. ತಡೆಯಿತು. ಚಾಚಾನ ಮುಖ ಅರಳಿದ್ದನ್ನು ನಾನು ನೋಡಿದೆ.

ಒರೆಸಲು ಕೊಟ್ಟಾಗ ಸಿಲಿಂಡರಿನ ಮೇಲೆ ಇರುವೆ ಗಾತ್ರದ ಅಕ್ಷರಗಳು ಕಂಡವು. ತಯಾರಾದ ತಿಂಗಳು, ಇಸವಿ, ಅದರ ಮುಂದೆ ಬಾಳಿಕೆ ಹತ್ತು ವರ್ಷ ಎಂದು ಇಂಗ್ಲಿಷಿನಲ್ಲಿ. ಕೂಡಿಸಿದರೆ ಆ ಹತ್ತು ವರ್ಷ ಮುಗಿದು ಎರಡು ವರ್ಷವಾಗಿತ್ತು.

"ಚಾಚಾ, ಇಲ್ಲೊಂದು ತಾರೀಖು ಐತ್ರಿ" ಎಂದೆ.

ಅವರು ಇಸಿದುಕೊಂಡು ತೋಳಳತೆಗೆ ಹಿಡಿದರು, ಮೂಗಿನ ಹತ್ತಿರ ತಂದರು, ಮತ್ತೆ ದೂರ ಹಿಡಿದರು. "ಹುಟ್ಟಿದ ತಾರೀಖು ಅದು. ಎಣ್ಣಿ ಕಂಡ ಕಬ್ಬಿಣಕ್ಕ ಮುಪ್ಪಿಲ್ಲ" ಎಂದರು. ಆಗ ನನಗೆ ಗೊತ್ತಾಯಿತು, ಅವರು ಅಕ್ಷರಗಳಿಲ್ಲದ ಬದಿಯನ್ನು ನೋಡುತ್ತಿದ್ದರು. ಅವರ ಕಣ್ಣು ಮಂಜಾಗಿತ್ತು. ಹಲಗೇರಿಯಿಂದ ಬಂದ ಇಬ್ಬರು ಗಿರಾಕಿಗಳು ತಮ್ಮ ಬಂದೂಕನ್ನು ಮುಂದಿಟ್ಟುಕೊಂಡು ಬೆಂಚಿನ ಮೇಲೆ ಕೂತಿದ್ದರು. ಬಂದೂಕು ರಿಪೇರಿಯವನಿಗೆ ಕಣ್ಣು ಕಾಣುವುದಿಲ್ಲ ಎಂದು ಅವರೆದುರು ತೋರಿಸುವುದು ಹೇಗೆ? ಮಾರಲು ಬಂದವರು ಗೋಡೆಯ ಕ್ಯಾಲೆಂಡರ್ ನೋಡುತ್ತ ಕೂತರು. ನಾನು ಸುಮ್ಮನಾದೆ. ಮರುದಿನ ಹೇಳಿದರಾಯಿತು ಎಂದುಕೊಂಡೆ. ಮರುದಿನದ ಹೊತ್ತಿಗೆ ದುಡ್ಡು ಕೊಟ್ಟಾಗಿ, ಚಾಚಾ ಆಗಲೇ ಹಿಡಿಯನ್ನು ನನ್ನ ಅಂಗೈಗೆ ಸರಿಯಾಗಿ ಅರದಿಂದ ಉಜ್ಜತೊಡಗಿದ್ದರು. ಹತ್ತು ದಿನ ಉಜ್ಜಿದರು. ಪ್ರತಿ ಸಂಜೆ ನನ್ನನ್ನು ಕರೆದು ಹಿಡಿಸಿ, ಎಲ್ಲಿ ಒತ್ತುತ್ತದೆ ಎಂದು ಕೇಳಿ, ಬೆರಳಿನಿಂದ ತಡವಿ ತಡವಿ ಕೊರೆಯುತ್ತಿದ್ದರು. ಆಮೇಲೆ ಹೇಳಲು ನನಗೆ ಬಾಯಿ ಬರಲಿಲ್ಲ. ಚಾಚಾ ಅಂದಮೇಲೆ ಸರಿಯೇ ಇರಬೇಕು ಎಂದು ನನಗೆ ನಾನೇ ಹೇಳಿಕೊಂಡೆ.

ಆ ವರ್ಷ ನಾನು ಚೆನ್ನಾಗಿ ಹೊಡೆದೆ. ಹಾವೇರಿಯ ಸರ್ ರೈಫಲ್ ಹಿಡಿದು ಬೆಳೆದವರು, ಗಾಳಿ ಸಿಲಿಂಡರಿನ ತಾರೀಖಿನ ಗೊಡವೆ ಅವರಿಗೂ ಇರಲಿಲ್ಲ. ಅಂಕ ಏರುತ್ತಿತ್ತು, ಅಷ್ಟು ಸಾಕಿತ್ತು. ಮೆಣಸಿನಕಾಯಿ ಸುಗ್ಗಿಯಲ್ಲಿ ಇಡೀ ಬ್ಯಾಡಗಿ ಸೀನುವಾಗ ಚಾಚಾ ನನ್ನನ್ನು ಅಂಗಡಿಯ ಹಿಂದೆ ನಿಲ್ಲಿಸಿ ಖಾಲಿ ಪಿಸ್ತೂಲು ಎತ್ತಿಸುತ್ತಿದ್ದರು. "ಈ ಘಾಟಿನಾಗ ಕೈ ನಿಂತ್ರ ಬೆಂಗಳೂರಾಗ ನಿದ್ದಿಗಣ್ಣಾಗ ಹೊಡೀತಿ."

ಬೆಂಗಳೂರಿಗೆ ಅಪ್ಪ, ಚಾಚಾ, ನಾನು ಮೂವರೂ ಹೋದೆವು. ಪಂದ್ಯಕ್ಕೆ ಮೊದಲು ಪಿಸ್ತೂಲು ಪರೀಕ್ಷಿಸುವ ಮೇಜಿನಲ್ಲಿ ಒಬ್ಬ ಅಧಿಕಾರಿ ನನ್ನ ಸಿಲಿಂಡರನ್ನು ತಿರುಗಿಸಿ ನೋಡಿ ಪಕ್ಕಕ್ಕಿಟ್ಟರು.

"ಇದರ ಅವಧಿ ಮುಗಿದು ಎರಡು ವರ್ಷದ ಮೇಲಾಗಿದೆಯಮ್ಮ. ಬಿಡೋಕಾಗಲ್ಲ."

ಚಾಚಾ ಮುಂದೆ ಬಂದು, "ಸಾಹೇಬ್ರ, ನೋಡ್ರಿ, ಒಂದು ತುಕ್ಕಿನ ಕಲಿ ಇಲ್ಲ" ಎಂದರು.

"ತುಕ್ಕಿನ ಮಾತಲ್ಲ ಯಜಮಾನರೇ. ಒಳಗೆ ಎಷ್ಟು ಒತ್ತಡ ಇರುತ್ತೆ ಗೊತ್ತಾ? ಹಳೇದಾದ್ರೆ ಯಾವತ್ತು ಬೇಕಾದ್ರೂ ಸಿಡಿಯುತ್ತೆ. ಮಗುವಿನ ಬೆರಳು ಹೋಗಿದ್ರೆ ಯಾರು ಹೊಣೆ?"

ಚಾಚಾನ ಕೈ ಕೆನ್ನೆಗೆ ಹೋಯಿತು. ಅಷ್ಟು ಹೊತ್ತು ನನ್ನ ಪಂದ್ಯದ ಚಿಂತೆಯಲ್ಲಿದ್ದವರು, ಆ ಕ್ಷಣದಿಂದ ನನ್ನ ಬೆರಳುಗಳನ್ನೇ ನೋಡುತ್ತ ನಿಂತರು.

ಇನ್ನೊಂದು ಜಿಲ್ಲೆಯ ಹುಡುಗಿ ತನ್ನ ಬಿಡಿ ಸಿಲಿಂಡರ್ ಕೊಟ್ಟಳು, ಅದು ನನ್ನ ಪಿಸ್ತೂಲಿಗೆ ಕೂರಲಿಲ್ಲ. ಕೊನೆಗೆ ಯಾರೋ ಒಬ್ಬ ಕೋಚ್ ತಮ್ಮ ಪಿಸ್ತೂಲನ್ನೇ ಕೊಟ್ಟರು. ಅದರ ಹಿಡಿ ದೊಡ್ಡ ಗಂಡಸಿನ ಅಂಗೈಗೆ ಕೊರೆದದ್ದು. ನನ್ನ ಕೈ ಅದರೊಳಗೆ ಜಾರುತ್ತಿತ್ತು. ಒಂದೂಕಾಲು ಗಂಟೆ, ಅರವತ್ತು ಗುಂಡು. ಮೊದಲ ಹತ್ತರಲ್ಲೇ ಮುಗಿಯಿತೆಂದು ಗೊತ್ತಾಗಿತ್ತು, ಆದರೂ ಉಳಿದ ಐವತ್ತನ್ನು ಹೊಡೆಯಬೇಕಿತ್ತು. ಒಂದೊಂದು ಗುಂಡೂ ಕೆಳಗೆ, ಎಡಕ್ಕೆ. ಹಿಂದಿನ ಕುರ್ಚಿಯಲ್ಲಿ ಚಾಚಾ ಕೂತಿದ್ದರು. ಹಲಗೆಯ ಅಂಕಗಳು ಅವರಿಗೆ ಕಾಣುತ್ತಿರಲಿಲ್ಲ. ಪ್ರತಿ ಗುಂಡಿಗೂ ಅಪ್ಪನನ್ನು ಮೆಲ್ಲಗೆ ಕೇಳುತ್ತಿದ್ದರು, "ಎಷ್ಟು ಬಿತ್ತು?" ಅಪ್ಪ ಹೇಳುತ್ತಿದ್ದ. ಅದು ನನಗೆ ಕೇಳಿಸುತ್ತಿತ್ತು.

ಊರಿಗೆ ಮರಳುವಾಗ ರೈಲಿನಲ್ಲಿ ಚಾಚಾ ಅಪ್ಪನಿಗೆ ಒಂದೇ ಮಾತು ಹೇಳಿದರು, "ತಪ್ಪು ನಂದು." ಅಪ್ಪ "ಹೋಗ್ಲಿ ಬಿಡ್ರಿ" ಎಂದ. ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದ ನಾನು ಆಗಲಾದರೂ ಬಾಯಿ ತೆರೆಯಬಹುದಿತ್ತು. ತೆರೆಯಲಿಲ್ಲ. ಇದನ್ನು ಬರೆಯುವಾಗಲೂ ನನ್ನ ಮೇಲೆ ನನಗೆ ಅಸಹ್ಯವಾಗುತ್ತದೆ.

ನಾನು ಡಿ.ಎಡ್. ಸೇರಿದೆ. ಚಾಚಾ ಹೊಸ ಕೆಲಸ ಹಿಡಿಯುವುದನ್ನು ಬಿಟ್ಟರು. ಯಾರಾದರೂ ಬಂದೂಕು ತಂದರೆ, "ನನಗ ಅಕ್ಷರ ಕಾಣಂಗಿಲ್ಲ. ಒಂದು ಹುಡುಗಿ ವರ್ಷ ಹಾಳ ಮಾಡೇನಿ. ಬ್ಯಾರೆ ಕಡೆ ಒಯ್ರಿ" ಎಂದು ಹೇಳಿ ಕಳಿಸುತ್ತಿದ್ದರಂತೆ. ಅದನ್ನು ಒಮ್ಮೆ ನನ್ನ ಕಿವಿಯಾರೆ ಕೇಳಿದ ದಿನ ತಡೆಯಲಾಗಲಿಲ್ಲ. ಗಿರಾಕಿ ಹೋದ ಮೇಲೆ ಹೇಳಿಬಿಟ್ಟೆ.

"ಚಾಚಾ, ಆ ತಾರೀಖು ನಾ ಅವತ್ತ ಓದಿದ್ದೆ. ಅವಧಿ ಮುಗದದ್ದೂ ಗೊತ್ತಿತ್ತು."

ಅವರು ನನ್ನತ್ತ ತಿರುಗಿದರು. "ಯಾಕ ಹೇಳ್ಲಿಲ್ಲ?"

"ಹಲಗೇರಿಯವ್ರು ಕುಂತಿದ್ರು. ನಿಮಗ ಕಣ್ಣು ಕಾಣಂಗಿಲ್ಲ ಅಂತ ಅವರಿಗೆ ಗೊತ್ತಾಗ್ತಿತ್ತು."

"ಗೊತ್ತಾಗ್ತಿತ್ತು. ನಕ್ಕು ಹೋಗ್ತಿದ್ರು. ನನ್ನ ಮರ್ಯಾದಿ ಒಂದು ವಾರ ಹೋಗಿ ಮತ್ತ ಬರ್ತಿತ್ತು. ನಿನ್ನ ಬೆರಳು ಹೋಗಿದ್ರ ಬರ್ತಿತ್ತೇನು?" ಅವರ ದನಿ ಏರಲಿಲ್ಲ. "ಕೈಗೆ ಕೊಟ್ಟಾವ ನಾನು. ತಪ್ಪು ನಂದ. ಅದ್ರಾಗ ನೀ ಪಾಲು ಕೇಳಬ್ಯಾಡ. ಆದ್ರ ಇನ್ನ ಮ್ಯಾಲ ಯಾರ ಮುಂದ ಆದ್ರೂ ಸರಿ, ಕಂಡದ್ದನ್ನ ಬಾಯಿ ಬಿಟ್ಟು ಹೇಳು."

ಈಗ ನಾನು ಹಾವೇರಿಯ ಹತ್ತಿರದ ಶಾಲೆಯೊಂದರಲ್ಲಿ ಟೀಚರ್. ರಜಾದಿನಗಳಲ್ಲಿ ಆ ಹಳೆಯ ಶೆಡ್ಡಿನಲ್ಲಿ ಮಕ್ಕಳಿಗೆ ಗುರಿ ಹಿಡಿಯಲು ಕಲಿಸುತ್ತೇನೆ. ಮಕ್ಕಳಿಗೆ ಮೊದಲ ಪಿಸ್ತೂಲು ಕೊಡಿಸುವ ತಂದೆತಾಯಿಗಳು ಸಸ್ತಾದಲ್ಲಿ ಯಾವುದು ಒಳ್ಳೆಯದು ಎಂದು ಕೇಳಿಕೊಂಡು ಬರುತ್ತಾರೆ. ಹಳೆಯದಾದರೂ ಪರವಾಗಿಲ್ಲ, ಮಗುವಿನ ಕೈಗೆ ಹಿಡಿಸಿ ನೋಡಿ, ಸಿಲಿಂಡರಿನ ಅವಧಿ ಎಷ್ಟು ಉಳಿದಿದೆ ನೋಡಿ ಎನ್ನುತ್ತೇನೆ. ಮಾರುವವರ ಎದುರಿಗೇ ಆ ತಾರೀಖನ್ನು ಜೋರಾಗಿ ಓದುತ್ತೇನೆ. ಎಷ್ಟೋ ಜನ ಮುಖ ಗಂಟು ಹಾಕಿಕೊಂಡು ಎದ್ದು ಹೋಗಿದ್ದಾರೆ.

ಕಳೆದ ವರ್ಷ ಚಾಚಾ ಹಾಸಿಗೆ ಹಿಡಿದರು. ಹುಬ್ಬಳ್ಳಿಯ ಆಸ್ಪತ್ರೆಯಿಂದ ಕರೆತಂದ ಮೇಲೆ ಮನೆಯವರೆಲ್ಲ ಸೇರಿ, ಹೊಟ್ಟೆಯಲ್ಲಿ ಹುಣ್ಣಾಗಿದೆ, ಮಾತ್ರೆಗೆ ಹೋಗುತ್ತದೆ ಎಂದು ಅವರಿಗೆ ಹೇಳಿದ್ದರು. ನೋಡಲು ಹೋದಾಗ ಕೋಣೆಯ ತುಂಬ ನೆಂಟರು. ಚಾಚಾ ದಿಂಬಿನ ಕೆಳಗಿನಿಂದ ಆಸ್ಪತ್ರೆಯ ಕಾಗದ ತೆಗೆದು ನನ್ನ ಕೈಗೆ ಕೊಟ್ಟರು.

"ಏನು ಬರದಾರ, ಓದು."

ಓದಿದೆ. ರೋಗ ಲಿವರ್ ತುಂಬ ಹರಡಿತ್ತು. ಇನ್ನು ಚಿಕಿತ್ಸೆಯಿಲ್ಲ, ಮನೆಯಲ್ಲಿಟ್ಟು ಆರೈಕೆ ಮಾಡಿ ಎಂದು ಬರೆದಿತ್ತು. ತಲೆ ಎತ್ತಿದರೆ ಚಾಚಿ ಬಾಗಿಲಲ್ಲಿ ನಿಂತು ಬೇಡ ಬೇಡ ಎಂದು ತಲೆಯಾಡಿಸುತ್ತಿದ್ದಳು. ಅವಳ ಕಣ್ಣಲ್ಲಿ ನೀರಿತ್ತು. ಚಾಚಾ ನನ್ನ ಮುಖ ನೋಡುತ್ತಿದ್ದರು.

"ವಾಸಿ ಆಗಂಗಿಲ್ಲ ಅಂತ ಬರದಾರ್ರಿ ಚಾಚಾ" ಎಂದೆ.

"ಎಷ್ಟು ದಿನ?"

"ಅದು ಬರದಿಲ್ರಿ."

"ಬರದಷ್ಟು ಓದಿದಿ. ಚಲೋ ಆತು" ಎಂದರು. ಮಗನನ್ನು ಕರೆದು, ಬೀರುವಿನಲ್ಲಿ ಯಾರೂ ಒಯ್ಯದೆ ಉಳಿದಿದ್ದ ಎರಡು ಹಳೆಯ ಬಂದೂಕುಗಳ ಮಾಲೀಕರಿಗೆ ಫೋನ್ ಮಾಡಲು ಹೇಳಿದರು. ತಾವು ಹೋದ ಮೇಲೆ ಆ ರೈತರು ಠಾಣೆಗೆ ಅಲೆಯುವಂತಾಗಬಾರದು ಎಂಬುದು ಅವರ ಚಿಂತೆ. ಎರಡೂ ಕಾಗದಪತ್ರದ ಸಮೇತ ಅವರವರ ಮನೆ ಸೇರಿದವು. ಒಂಬತ್ತನೆಯ ದಿನ ಚಾಚಾ ತೀರಿಕೊಂಡರು.

ಹೆಣ ಇನ್ನೂ ಮನೆಯಲ್ಲಿರುವಾಗಲೇ ಚಾಚಿ ಎಲ್ಲರ ಎದುರು ನನ್ನ ಕೈ ಹಿಡಿದು ಕೇಳಿದಳು, "ಇನ್ನೊಂದಿಷ್ಟು ದಿನ ನಗ್ತಾ ಇರ್ತಿದ್ರು. ಯಾಕ ಓದಿದೆವ್ವ ನೀನು?" ಆ ಒಂಬತ್ತು ದಿನ ಚಾಚಾ ನಗಲಿಲ್ಲ, ಅದು ನಿಜ. ಗೋಡೆ ನೋಡುತ್ತ ಮಲಗಿರುತ್ತಿದ್ದರು. ಅಂದಿನಿಂದ ಚಾಚಿ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಹಬ್ಬಕ್ಕೆ ಹೋದರೆ ಸೊಸೆ ಚಹಾ ತಂದುಕೊಡುತ್ತಾಳೆ, ಚಾಚಿ ಒಳಕೋಣೆಯಿಂದ ಹೊರಗೆ ಬರುವುದಿಲ್ಲ. ಒಂದು ಸಲ ಸುಮ್ಮನಿದ್ದೆ, ಒಂದು ಸಲ ಹೇಳಿದೆ. ಎರಡನೆಯದಾದರೂ ಸರಿಯಾಗಿತ್ತೇ ಎಂದು ಚಾಚಾನನ್ನು ಕೇಳಬೇಕಿತ್ತು. ಒಂಬತ್ತು ದಿನ ದಿನಾ ಹೋಗಿ ಅವರ ಪಕ್ಕ ಕೂತಿದ್ದೆ, ಕೇಳಲು ಧೈರ್ಯ ಬರಲಿಲ್ಲ.