ಕೊಳ್ಳೇಗಾಲಕ್ಕೆ ತಂದ ಮಾತ್ರೆ ಡಬ್ಬಿ

ಕೊಳ್ಳೇಗಾಲಕ್ಕೆ ಬಂದ ಮೊದಲ ದಿನವೇ ನಾನು ಸತ್ತ ಗಂಡನನ್ನು ಬದುಕಿಸಿದೆ.

ನೇಕಾರರ ಬೀದಿಯಲ್ಲಿ ಮಹಡಿ ಮೇಲೊಂದು ಕೋಣೆ ಖಾಲಿಯಿತ್ತು. ಮನೆಯೊಡತಿ ಮಂಗಳಮ್ಮ ಜಗಲಿಯಲ್ಲಿ ಕೂತು ಮಗ್ಗಕ್ಕೆ ರೇಷ್ಮೆ ನೂಲು ಸುತ್ತುತ್ತಿದ್ದರು. ಕೈ ನಿಲ್ಲಿಸದೆಯೇ ಕೇಳಿದರು, "ಒಬ್ರೇನಾ? ಯಜಮಾನ್ರು ಎಲ್ಲವ್ರೆ?"

"ಪುಣೆದಾಗ ಕೆಲಸಾ ಮಾಡ್ತಾರ್ರಿ," ಅಂದುಬಿಟ್ಟೆ.

ಅವರು ತೀರಿಹೋಗಿ ಆಗಲೇ ಒಂಬತ್ತು ವರ್ಷ. ಆದರೆ ಒಂಟಿ ಹೆಂಗಸು ಅಂದ ಕೂಡಲೇ ಅದಕ್ಕೂ ಮುಂಚೆ ಮೂರು ಮನೆಯವರು ಬಾಗಿಲಲ್ಲೇ ನಿಲ್ಲಿಸಿ ಕಳಿಸಿದ್ದರು. ಮಂಗಳಮ್ಮ ನನ್ನ ತಾಳಿ ನೋಡಿದರು. ಅದನ್ನು ಹಿಂದಿನ ದಿನ ಬಸ್ಸಿನಲ್ಲಿ ಹಾಕಿಕೊಂಡಿದ್ದೆ. ಬೀಗದ ಕೈ ಕೊಟ್ಟರು.

ಗಂಡ ತೀರಿದ ವರ್ಷವೇ ನನಗೂ ಎಚ್‌ಐವಿ ಇದೆ ಅಂತ ಗೊತ್ತಾಯಿತು. ಮುಧೋಳದ ಹತ್ತಿರದ ನನ್ನ ತವರಿನಲ್ಲಿ ಯಾರೂ ನನ್ನನ್ನು ಬೈಯಲಿಲ್ಲ. ಪಡಸಾಲೆಯ ಮೂಲೆಗೆ ನನ್ನ ಹಾಸಿಗೆ ಬಂತು, ಅಷ್ಟೆ. ತಮ್ಮನ ಮಗಳು ನನ್ನ ತೊಡೆಯೇರಲು ಓಡಿ ಬಂದಾಗೆಲ್ಲ ಒಳಗಿಂದ ಯಾರಾದರೂ ಅವಳನ್ನು ಕರೆಯುತ್ತಿದ್ದರು. ಹೀಗೇ ವರ್ಷಗಳು ಹೋದವು. ಸೋಂಕಿರುವ ಹೆಂಗಸರಿಗಾಗಿಯೇ ಇರುವ ಒಂದು ಸಂಸ್ಥೆ ಕೊಳ್ಳೇಗಾಲ, ಹನೂರು, ಯಳಂದೂರಿನ ಹಳ್ಳಿಗಳಿಗೆ ಕಾರ್ಯಕರ್ತೆ ಬೇಕು ಅಂದಾಗ ನಾನು ಮೊದಲು ನೋಡಿದ್ದು ದೂರವನ್ನು. ಇಡೀ ಒಂದು ಹಗಲಿನ ಪ್ರಯಾಣ. ಸಾಕು ಅನ್ನಿಸಿತು.

ನಮ್ಮ ಕಡೆಯವರಿಗೆ ಆ ಊರನ್ನು ತಿಳಿಸಿ ಹೇಳುವುದು ಕಷ್ಟ. ಕನ್ನಡವೇ, ಆದರೆ ಮೊದಲ ವಾರ ಅರ್ಧ ಮಾತು ಕೈಗೆ ಸಿಗಲಿಲ್ಲ. ಅಲ್ಲಿಯವರು ಹಕಾರವನ್ನು ನುಂಗುತ್ತಾರೆ. "ಆಲು ಬೇಕಾ?" ಎಂದು ಮಂಗಳಮ್ಮ ಕೇಳಿದಾಗ ಬಟಾಟಿ ಅಂದುಕೊಂಡು ಚೀಲ ಹಿಡಿದು ಇಳಿದೆ. ಅವರು ಹಾಲಿನ ಚೊಂಬು ಹಿಡಿದು ನಿಂತಿದ್ದರು. ಮನೆಗೆ ಅಟ್ಟಿ ಅನ್ನುತ್ತಾರೆ. "ಅಟ್ಟಿಗ್ ಬನ್ನಿ" ಎಂದು ಹಳ್ಳಿಯೊಂದರಲ್ಲಿ ಕರೆದಾಗ ಅಟ್ಟ ಹತ್ತಬೇಕೇನೋ ಎಂದು ಏಣಿ ಹುಡುಕಿದ್ದೆ. ಮುದ್ದೆಯನ್ನು ರೊಟ್ಟಿಯಂತೆ ಅಗಿದು ಹಲ್ಲಿಗೆಲ್ಲ ಮೆತ್ತಿಕೊಂಡೆ. ನುಂಗುವುದು ಕಲಿಯಲು ಒಂದು ತಿಂಗಳು ಹಿಡಿಯಿತು. ಸೊಪ್ಪು, ಕಾಳು ಬೇಯಿಸಿದ ನೀರಿಗೆ ಖಾರ ಕದಡಿಕೊಳ್ಳುವ ಉಪ್ಸಾರು ಈಗ ನನಗೂ ಬೇಕು. ಮಂಗಳಮ್ಮ ಅದನ್ನು ಮಾಡಿದ ದಿನ ಮೊಮ್ಮಗಳ ಕೈಲಿ ಬಟ್ಟಲು ಕಳಿಸುತ್ತಿದ್ದರು.

ಅವಳ ಹೆಜ್ಜೆ ಮೆಟ್ಟಿಲ ಮೇಲೆ ಕೇಳಿದರೆ ನಾನು ಮೊದಲು ಮಾಡುತ್ತಿದ್ದ ಕೆಲಸ ಮಾತ್ರೆ ಡಬ್ಬಿಯನ್ನು ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾ ಹಿಂಡಿಯ ಭರಣಿಯ ಹಿಂದೆ ತಳ್ಳುವುದು. ಹಗಲೆಲ್ಲ ಊರೂರು ತಿರುಗಿ "ಹೆದರಬೇಡ್ರಿ" ಅನ್ನುವುದು, ಸಂಜೆ ಕೋಣೆಗೆ ಬಂದು ಹೆದರುವುದು. ಭಾನುವಾರ ಯಾರೊಡನೆಯೂ ಮಾತಿಲ್ಲ. ಕೆಳಗೆ ಮಗ್ಗದ ಸದ್ದು ನಿಂತ ಮೇಲೆ ನನ್ನ ಕೆಮ್ಮು ನನಗೇ ದೊಡ್ಡದಾಗಿ ಕೇಳುತ್ತಿತ್ತು.

ಆಗ ಸಿಕ್ಕವಳು ಮಾದೇವಿ. ಲೊಕ್ಕನಹಳ್ಳಿಯ ಕಡೆ, ಕಾಡಂಚಿನ ಒಂದು ಊರಿನವಳು. ಮೂರು ವಾರದಿಂದ ಮಾತ್ರೆ ಬಿಟ್ಟಿದ್ದಾಳೆ ಅಂತ ತಿಳಿದು ಹೋದೆ. ಅವಳು ದನದ ಕೊಟ್ಟಿಗೆಯ ಪಕ್ಕ ಕೂತು ಒಬ್ಬಳೇ ಉಣ್ಣುತ್ತಿದ್ದಳು. ಅತ್ತೆ ಚಿಕ್ಕತಾಯಮ್ಮ ಹೊಸ್ತಿಲಲ್ಲಿ ನಿಂತಿದ್ದರು.

"ಯಾಕ್ ಬಿಟ್ಟಿ?" ಅಂದೆ.

"ತಿಂಗ್ಳ ತಿಂಗ್ಳ ಆಸ್ಪತ್ರೆಗೆ ಯಾಕ್ ಓಯ್ತೀಯೇ ಅಂತ ಬಸ್ಸಲ್ಲಿ ಎಲ್ರೂ ಕೇಳ್ತಾರೆ ಕಣಕ್ಕ. ಯಾನ ಅಂತ ಏಳ್ಲಿ?"

ನಾನು ಅವಳ ಪಕ್ಕ ಕೂತೆ. ಅವಳ ತಟ್ಟೆಯಿಂದಲೇ ಒಂದು ತುತ್ತು ಮುರಿದು, ಸಾರಿಗೆ ಅದ್ದಿ ಬಾಯಿಗಿಟ್ಟೆ. ಜೊತೆಗೆ ಉಂಡರೆ, ಮುಟ್ಟಿದರೆ ಇದು ಬರುವುದಿಲ್ಲ ಎಂದು ನೂರು ಸಲ ಹೇಳಿದ ಬಾಯಿ ನನ್ನದು. ಚಿಕ್ಕತಾಯಮ್ಮ ಗಾಬರಿಯಾಗಿ ಮುಂದೆ ಬಂದರು. "ಅಯ್ಯೋ, ನಿಮ್ಗೆ ಭಯ ಆಗಕಿಲ್ವಾ?"

"ನನಗೂ ಅದೇ ಐತ್ರಿ ಅಮ್ಮಾ. ಒಂಬತ್ತು ವರ್ಷಾತು."

ಆ ಸೀಮೆಯಲ್ಲಿ ಈ ಮಾತು ನನ್ನ ಬಾಯಿಂದ ಹೊರಬಿದ್ದದ್ದು ಅದೇ ಮೊದಲು. ಚಿಕ್ಕತಾಯಮ್ಮ ನನ್ನನ್ನು ಕಾಲಿಂದ ತಲೆತನಕ ನೋಡಿದರು. "ಗಟ್ಟಿಮುಟ್ಟಾಗೇ ಇದ್ದೀರಲ್ಲ?"

"ಮಾತ್ರೆ ಬಿಟ್ಟಿಲ್ರಿ. ಅದಕ್ಕ."

ಅವರು ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಸೊಸೆಯನ್ನು ಕೂಗಿ, "ಸಾರು ಸಾಕಾ, ಇನ್ನಷ್ಟು ಬೇಕಾ?" ಎಂದು ಕೇಳಿದರು. ಅಷ್ಟೇ. ಮಾದೇವಿಯ ಕಣ್ಣು ತುಂಬಿತು.

ಬಸ್ಸಿಗೆ ಬಿಡಲು ಬಂದವಳು ದಾರಿಯಲ್ಲಿ ಕೇಳಿದಳು, "ಅಕ್ಕ, ನಿಮ್ಮ್ ಓನರಮ್ಮಂಗೆ ಗೊತ್ತಾ?"

"ಇಲ್ಲ."

"ನಂಗ್ ಮಾತ್ರ ಎದ್ರಬ್ಯಾಡ ಅಂತ ಏಳ್ಕೊಡ್ತೀರಿ."

ಅವಳು ಚುಚ್ಚಲು ಅಂದದ್ದಲ್ಲ. ಆದರೂ ಕೊಳ್ಳೇಗಾಲ ಮುಟ್ಟುವವರೆಗೆ ಕಿಟಕಿಯಾಚೆ ಏನಿತ್ತೋ ನಾನು ಕಾಣಲಿಲ್ಲ.

ಮಾರನೆಯ ದಿನ ಮಂಗಳಮ್ಮನವರ ಮುಂದೆ ಕೂತು ಎಲ್ಲ ಹೇಳಿದೆ. ಕಾಯಿಲೆ ಎಂದಾಗ ನೂಲಿನ ಮೇಲಿದ್ದ ಅವರ ಕೈ ನಿಂತಿತು. ಆದರೆ ಅವರು ಕೇಳಿದ್ದು ಬೇರೆ.

"ಮತ್ತೆ ಪುಣೆಲಿರೋ ಯಜಮಾನ್ರು?"

"ಇಲ್ರಿ. ತೀರಿಹೋಗ್ಯಾರ."

"ದಿನಾ ವಿಚಾರಿಸ್ತಿದ್ನಲ್ಲವ್ವ ನಾನು. ಉಂಡ್ರಾ, ಫೋನ್ ಮಾಡಿದ್ರಾ ಅಂತ." ಅವರ ಮುಖ ಸಣ್ಣದಾಯಿತು. "ಅಷ್ಟ್ ದಿನವೂ ಸುಳ್ಳೇಳಿದ್ರಾ?"

ಮನೆ ಬಿಡಿ ಎನ್ನಲಿಲ್ಲ. ಆದರೆ ಮೊಮ್ಮಗಳು ಮೆಟ್ಟಿಲು ಹತ್ತುವುದು ನಿಂತಿತು. ಒಂದೂವರೆ ತಿಂಗಳು ನಾವು ನೀರು ಬಂತಾ, ಗೇಟು ಹಾಕಿದ್ರಾ ಎಂಬುದರಾಚೆ ಮಾತಾಡಲಿಲ್ಲ. ಯಾವುದು ಅವರನ್ನು ದೂರ ಸರಿಸಿತು, ಕಾಯಿಲೆಯೋ ಸುಳ್ಳೋ, ನನಗೆ ಇವತ್ತಿಗೂ ತಿಳಿದಿಲ್ಲ. ಹೇಳಬಾರದಿತ್ತು ಅನ್ನಿಸಿದ ದಿನಗಳೇ ಹೆಚ್ಚು.

ಒಂದು ಬೆಳಗ್ಗೆ ಅವರೇ ಕೆಳಗಿಂದ ಕೂಗಿದರು. ಮಂಡಿನೋವು, ಆಸ್ಪತ್ರೆಗೆ ಹೋಗಬೇಕು, ಮಗಳಿಗೆ ಬಿಡುವಿಲ್ಲ. ಆಟೋ ಇಳಿಯುವಾಗ ನನ್ನ ಕೈ ಹಿಡಿದುಕೊಂಡರು, ಬಿಗಿಯಾಗಿ. ಮನೆಗೆ ಬಂದ ಮೇಲೆ ಕೈ ತೊಳೆದುಕೊಂಡರೋ ಇಲ್ಲವೋ ನಾನು ನೋಡಲಿಲ್ಲ. ನೋಡಬಾರದು ಎಂದೇ ಬೇಗಬೇಗ ಮೆಟ್ಟಿಲು ಹತ್ತಿದೆ.

ಯಳಂದೂರಿನಲ್ಲಿ ತಿಂಗಳಿಗೊಮ್ಮೆ ನಾವು ಹೆಂಗಸರು ಸೇರುತ್ತೇವೆ. ಕಳೆದ ಸಲ ಮಾದೇವಿ ತಾನೇ ಬಸ್ಸು ಹಿಡಿದು ಬಂದಳು. ಜೊತೆಗೆ ಇನ್ನೊಬ್ಬಳನ್ನು ಕರೆತಂದಿದ್ದಳು. ಆ ಹೊಸಬಳು ಸೆರಗಲ್ಲಿ ಮುಖ ಮುಚ್ಚಿಕೊಂಡು ಗೋಡೆಗೆ ಒರಗಿದ್ದಳು. ನಾನು ಎದ್ದು ಹೋಗುವ ಮೊದಲೇ ಮಾದೇವಿ ಅವಳ ಪಕ್ಕ ಕೂತು, ಬಸ್ಸಿನಲ್ಲಿ ಕೇಳಿದವರಿಗೆ ಏನು ಹೇಳಬೇಕೆಂದು ಕಲಿಸತೊಡಗಿದ್ದಳು. "ನನ್ ಆಸ್ಪತ್ರೆ, ನನ್ ಮೈಯಿ, ನಿಮ್ಗ್ಯಾಕೆ ಅನ್ನು." ಎಲ್ಲರೂ ನಕ್ಕರು. ನಾನೂ ನಕ್ಕೆ. ಸಭೆ ಮುಗಿದು ಎಲ್ಲರೂ ತಮ್ಮತಮ್ಮ ಬಸ್ಸು ಹತ್ತಿದ ಮೇಲೆ ನಿಲ್ದಾಣದಲ್ಲಿ ನಾನೊಬ್ಬಳೇ ಉಳಿದೆ.

ಹೋದ ವಾರ ಅವ್ವನಿಗೆ ಜ್ವರವೆಂದು ಊರಿಗೆ ಬಂದೆ. ಇದನ್ನು ಬರೆಯುತ್ತಿರುವುದು ಇಲ್ಲಿಂದಲೇ. ಚಪ್ಪಲಿ ಬಿಡುವಷ್ಟರಲ್ಲೇ ತಮ್ಮನ ಹೆಂಡತಿ, "ಯಾವಾಗ ಹೊಳ್ಳಿ ಹೋಗ್ತೀರಿ ಅಕ್ಕಾರ?" ಎಂದಳು. ಅವಳ ದನಿಯಲ್ಲಿ ಕೆಡುಕಿರಲಿಲ್ಲ. ಪಡಸಾಲೆಯ ಮೂಲೆಯಲ್ಲಿ ಈಗ ಗೋಧಿ ಚೀಲಗಳಿವೆ.

ಇವತ್ತು ಬೆಳಗ್ಗೆ ಮಾದೇವಿಯ ಫೋನು. "ಅಕ್ಕ, ನಾಳಿದ್ದು ನಾನೂ ಆ ಒಸಬ್ಳೂ ಮಾತ್ರೆಗೆ ಓಯ್ತಿದ್ದೀವಿ. ನೀವು ಯಾವಾಗ ಬತ್ತೀರಿ?"

"ಬತ್ತೀನಿ ಕಣವ್ವ, ಇನ್ನೆರಡ್ ದಿನ ಅಷ್ಟೆಯಾ," ಅಂದೆ.

ಅಡುಗೆಮನೆಯಲ್ಲಿ ಒಲೆಯ ಮುಂದಿದ್ದ ಅವ್ವ ನನ್ನ ಮಾತಿನ ಧಾಟಿ ಕೇಳಿ, ಯಾರೋ ಪರ ಊರಿನವರು ಬಂದರೆಂದು ಸೆರಗು ಸರಿಮಾಡಿಕೊಂಡು ಇಣುಕಿ ನೋಡಿದಳು.